ನಾಮೈಕ್ಯವೂ ಕಥಾಭೇದವೂ: ‘ದಿ ಬ್ಲ್ಯಾಕ್ ಕ್ಯಾಟ್’ ಎಂಬ ಎರಡು ಚಲಚ್ಚಿತ್ರಗಳು

ನಾಟಕದ ಹೆಸರು ಅದರ ಗರ್ಭದಲ್ಲಿರುವ ಅರ್ಥವನ್ನು ಪ್ರಕಾಶಗೊಳಿಸಬೇಕೆಂದು ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ವಿಧಿಸಿರುವನು. ಅಮಾತ್ಯರಾಕ್ಷಸನನ್ನು ವಶಪಡಿಸಿದ ಮುದ್ರೆಯುಂಗುರವು ‘ಮುದ್ರಾರಾಕ್ಷಸ’ವೆಂಬ ಹೆಸರಿನಲ್ಲಿಯೇ ಅಡಗಿರುವುದು ಇದಕ್ಕೆ ನಿದರ್ಶನವಾಗಬಲ್ಲುದು. ಆದರೆ ಎರಡು ಕೃತಿಗಳಿಗೆ ಹೆಸರೊಂದೇ ಇದ್ದು ಕಥೆಗಳು ಬೇರೆಯಾದಲ್ಲಿ, ಆ ಹೆಸರು ಏನನ್ನು ಪ್ರಕಾಶಗೊಳಿಸುವುದು?

ಅಮೆರಿಕೆಯ ಯೂನಿವರ್ಸಲ್ ಸಂಸ್ಥೆಯು 1934ರಲ್ಲಿಯೂ 1941ರಲ್ಲಿಯೂ ‘ದಿ ಬ್ಲ್ಯಾಕ್ ಕ್ಯಾಟ್’, ಎಂದರೆ ‘ಕರಿಯ ಬೆಕ್ಕು’, ಎಂಬ ಹೆಸರಿನ ಒಂದೊಂದು ಚಲಚ್ಚಿತ್ರವನ್ನು ಹೊರತಂದಿತು. ಎರಡೂ ಎಡ್ಗರ್ ಅಲನ್ ಪೋ ಬರೆದ ಕಥೆಯನ್ನೇ ಆಧಾರವೆಂದು ಹೇಳಿಕೊಳ್ಳುವುವು. ಎರಡರಲ್ಲಿಯೂ ಬೇಲಾ ಲುಗೋಸಿಯೆಂಬ ನಟನಿರುವನು. ಇಷ್ಟು ಸಾಮ್ಯವನ್ನು ಕಂಡು ಎರಡನೆಯದು ಮೊದಲನೆಯದರ ಪುನರಾವೃತ್ತಿಯೆಂದು ಭಾವಿಸುವುದು ಸಹಜವಾದರೂ ಭ್ರಾಂತಿಯೇ ಸರಿ.

ಪೋ ಕವಿಯ ಕಥೆ 1843ರಲ್ಲಿ ಪ್ರಕಟವಾದುದು. ಕಥೆ ಹೇಳುವವನು ಮದ್ಯಪಾನದಿಂದ ಕ್ರೂರನಾಗಿ, ಸಾಕಿದ ಬೆಕ್ಕಿನ ಕಣ್ಣು ಕಿತ್ತು, ಬಳಿಕ ಅದನ್ನು ನೇಣಿಗೇರಿಸುವನು. ಅದನ್ನೇ ಹೋಲುವ ಮತ್ತೊಂದು ಬೆಕ್ಕು ಮನೆಗೆ ಬರುವುದು. ಅದನ್ನು ಕೊಲ್ಲಹೋದಾಗ ತಡೆದ ಹೆಂಡತಿಯನ್ನು ಕೊಂದು, ಶವವನ್ನು ನೆಲಮಾಳಿಗೆಯ ಗೋಡೆಯೊಳಗೆ ಹುದುಗಿಸುವನು. ಶವದೊಡನೆ ಅವನಿಗರಿಯದಂತೆ ಸಿಕ್ಕಿಕೊಂಡಿದ್ದ ಬೆಕ್ಕಿನ ಕೂಗಿನಿಂದ ಕೊಲೆಯು ಬಯಲಾಗುವುದು. ಇಲ್ಲಿ ಬೆಕ್ಕು ಕೇವಲ ಪ್ರಾಣಿಯಲ್ಲ. ಮುಚ್ಚಿಟ್ಟ ಪಾಪಕ್ಕೆ ಸಾಕ್ಷಿ.

ಎಡ್ಗರ್ ಉಲ್ಮರನು ನಿರ್ದೇಶಿಸಿದ 1934ರ ಚಿತ್ರದಲ್ಲಿ ಈ ಕಥಾಸರಣಿಯ ಗಂಧವೂ ಇಲ್ಲ. ಸ್ಥಳವು ಹಂಗೆರಿ. ಪೋಲ್ಜಿಗನೆಂಬ ವಾಸ್ತುಶಿಲ್ಪಿ (ಬೋರಿಸ್ ಕಾರ್ಲಾಫ್) ಮಹಾಯುದ್ಧದಲ್ಲಿ ತಾನೇ ಶತ್ರುಗಳಿಗೊಪ್ಪಿಸಿದ ಕೋಟೆಯ ಅವಶೇಷದ ಮೇಲೆ ಮನೆ ಕಟ್ಟಿರುವನು. ಸೆರೆಯಿಂದ ಬಿಡುಗಡೆಯಾದ ವೈದ್ಯ ವೆರ್ಡೆಗಾಸ್ಟನು (ಲುಗೋಸಿ) ಹಗೆ ತೀರಿಸಿಕೊಳ್ಳಲು ಬಂದು, ತನ್ನ ಹೆಂಡತಿಯ ಶವವು ಆ ಮನೆಯ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಕೆಡದಂತೆ ಇರಿಸಲ್ಪಟ್ಟಿರುವುದನ್ನು ಕಾಣುವನು. ಬೆಕ್ಕೆಂದರೆ ಅವನಿಗೆ ಮಹಾಭಯ. ಚಿತ್ರದಲ್ಲಿ ಬೆಕ್ಕಿಗಿರುವ ಪಾತ್ರವು ಬಹುತೇಕ ಇಷ್ಟೇ.

ಆಲ್ಬರ್ಟ್ ರೊಗೆಲನು ನಿರ್ದೇಶಿಸಿದ 1941ರ ಚಿತ್ರವಾದರೋ ಹಾಸ್ಯಮಿಶ್ರವಾದ ಕೊಲೆಯ ಕಥೆ. ಬೆಕ್ಕುಗಳನ್ನು ಅಕ್ಕರೆಯಿಂದ ಸಾಕಿದ ಧನಿಕಳಾದ ವೃದ್ಧೆಯ ಮರಣಶಾಸನಕ್ಕಾಗಿ ಬಂಧುಗಳು ಕಾದಿರುವರು, ವೃದ್ಧೆಯು ಕೊಲೆಯಾಗುವಳು, ಕೊಲೆಗಾರರ ಶೋಧನೆ ನಡೆಯುವುದು. ಲುಗೋಸಿಗೆ ಇಲ್ಲಿ ದೊರೆತುದು ಆ ಮನೆಯ ಆಳಿನ ಚಿಕ್ಕ ಪಾತ್ರ.

ಮೇಲುನೋಟಕ್ಕೆ ಮೂಲವನ್ನು ಹೆಚ್ಚು ಅನುಸರಿಸಿದುದು ಎರಡನೆಯದೆಂದು ತೋರಬಹುದು. ಅಲ್ಲಿ ಬೆಕ್ಕುಗಳಿಗೇನೂ ಕೊರತೆಯಿಲ್ಲ. ಆದರೆ ವಿಚಾರಿಸಿದಲ್ಲಿ ವಿಷಯವು ವಿಪರೀತವಾಗುವುದು. ಮೊದಲನೆಯದರಲ್ಲಿ ನೆಲಮಾಳಿಗೆಯ ಶವ, ಹೂತಿಟ್ಟ ಪಾಪ, ಅದು ತಪ್ಪದೆ ಹೊರಬರುವ ರೀತಿ, ಇವೆಲ್ಲವೂ ಪೋ ಕಥೆಯ ಭಾವವನ್ನೇ ಧ್ವನಿಸುವುವು. ಎರಡನೆಯದರಲ್ಲಿ ಹೆಸರಿನ ವಾಚ್ಯಾರ್ಥವಾದ ಬೆಕ್ಕು ಉಳಿದು ಧ್ವನಿಯು ಅಳಿದಿದೆ. ಒಂದು ಚಿತ್ರವು ಶರೀರವನ್ನು ಬಿಟ್ಟು ಪ್ರಾಣವನ್ನು ಹಿಡಿಯಿತು. ಮತ್ತೊಂದು ಪ್ರಾಣವನ್ನು ಬಿಟ್ಟು ಶರೀರದ ಒಂದು ಅವಯವವನ್ನು ಮಾತ್ರ ಹಿಡಿಯಿತು.

ಶಂಖಚಕ್ರಗಳ ಸಂಯೋಗದಿಂದ ‘ಹರಿ’ಯೆಂಬ ಶಬ್ದವು ಸಿಂಹವನ್ನಾಗಲಿ ಕಪಿಯನ್ನಾಗಲಿ ಹೇಳದೆ ವಿಷ್ಣುವನ್ನೇ ಹೇಳುವುದೆಂಬುದು ಶಾಸ್ತ್ರಜ್ಞರಿಗೆ ವಿದಿತವಾಗಿದೆ. ಹಾಗೆಯೇ ವರ್ಷ, ನಿರ್ದೇಶಕ ಇವುಗಳ ಸಂಯೋಗದಿಂದ ಯಾವ ಚಿತ್ರವೆಂಬುದು ನಿಶ್ಚಯವಾಗುವುದು. ಆದರೆ ಅದು ಮೂಲಕ್ಕೆ ಎಷ್ಟು ಋಣಿಯೆಂಬುದನ್ನು ಹೆಸರಾಗಲಿ ಕಥಾಸಾಮ್ಯವಾಗಲಿ ತಿಳಿಸಲಾರದು. ಮೂಲ ಮತ್ತು ರೂಪಾಂತರಗಳನ್ನು ಹೋಲಿಸಿ ಪಾಠ ಹೇಳುವವರು ಮೊದಲು ಅರಸಬೇಕಾದುದು ಆ ಧ್ವನಿಯನ್ನೇ.