ಕಂದು ಬಣ್ಣಕ್ಕೆ ನೆರೆಹೊರೆ ಬೇಕು

ಅಥಣಿ ತಾಲ್ಲೂಕಿನ ತೆಲಸಂಗದ ಕಡೆ ಒಣದ್ರಾಕ್ಷಿ ಮಾಡುವವರಿಗೆ ಬಣ್ಣವೇ ಬೆಲೆ. ಹಸಿರು ಉಳಿದ ಮಾಲಿಗೆ ಒಂದು ದರ, ಕಂದು ತಿರುಗಿದ ಮಾಲಿಗೆ ಇನ್ನೊಂದು. ಆ ಹಸಿರು ಉಳಿಯಲೆಂದೇ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಲ್ಲಿ ಅದ್ದಿ, ಬಿಸಿಲು ನೇರ ಬೀಳದಂತೆ ಶೆಡ್ಡಿನ ಬಲೆಗಳ ಮೇಲೆ ಹರವುತ್ತಾರೆ. ಇಷ್ಟು ಜೋಪಾನ ಮಾಡಿದ ಮಾಲಿನ ಮೊದಲ ದರ್ಶನ ವ್ಯಾಪಾರಿಗೆ ಆಗುವುದು ಈಗ ವಾಟ್ಸ್‌ಆ್ಯಪ್‌ನಲ್ಲಿ. ರಾಯಬಾಗದ ಅರಿಶಿನ, ನಿಪ್ಪಾಣಿಯ ತಂಬಾಕು, ಆಲೆಮನೆಯ ಬೆಲ್ಲ ಎಲ್ಲದರ ಹಣೆಬರಹವೂ ಅಷ್ಟೇ. ಕೈಗೆ ಬರುವ ಮೊದಲು ಮಾಲು ಕಣ್ಣಿಗೆ ಬೀಳಬೇಕು, ಅದೂ ಅಂಗೈಯಗಲದ ಪರದೆಯ ಮೇಲೆ.

ಚಪ್ಪಲಿಯ ಮಾತನ್ನೇ ತೆಗೆದುಕೊಳ್ಳಿ. ಲೋಕವೆಲ್ಲ ಕೊಲ್ಹಾಪುರಿ ಎನ್ನುವ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಆ ಹಕ್ಕಿನಲ್ಲಿ ಸೇರಿದವು. ಅಥಣಿಯ ಕೈಗಳು ಎಷ್ಟು ಚಪ್ಪಲಿ ಹೊಲಿದರೂ ಹೆಸರು ಮಾತ್ರ ಕೊಲ್ಹಾಪುರದ್ದು, ಅದು ಬೇರೆ ಜಗಳ. 2025ರ ಜೂನ್‌ನಲ್ಲಿ ಮಿಲಾನ್‌ನ ಪ್ರಾಡಾ ಫ್ಯಾಷನ್ ಕಂಪನಿಯ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿ ಕಾಣಿಸಿಕೊಂಡು ಗದ್ದಲವಾದದ್ದು ಎಲ್ಲರಿಗೂ ಗೊತ್ತು. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದಗೊಂಡ ತೊಗಲಿಗೆ ತನ್ನದೇ ಒಂದು ಜೇನು ಮಿಶ್ರಿತ ಕಂದು ಬರುತ್ತದೆ. ಮಾರುವ ಹುಡುಗ ರಾತ್ರಿ ಕೂತು ಆ ಚಪ್ಪಲಿಯ ಫೋಟೊ ತಿದ್ದುತ್ತಾನೆ. ಆ್ಯಪ್‌ನ ಹಿನ್ನೆಲೆ ಕಪ್ಪು. ಚಪ್ಪಲಿ ಝಗ್ಗನೆ ಹೊಳೆಯುತ್ತದೆ. ಹೊಳಪು ಜಾಸ್ತಿಯಾಯಿತೆಂದು ತುಸು ಇಳಿಸುತ್ತಾನೆ. ಬೆಳಗ್ಗೆ ಅದೇ ಫೋಟೊ ಮಾರಾಟದ ಬಿಳಿ ಪುಟದ ಮೇಲೆ ಕುಳಿತಾಗ ಗಿರಾಕಿ ಕೇಳುತ್ತಾನೆ, “ಹಳೇ ಮಾಲು ಇದ್ದಂಗ ಐತಲ್ರೀ?”

ಇಲ್ಲಿ ಚಪ್ಪಲಿಯದೂ ತಪ್ಪಿಲ್ಲ, ಕ್ಯಾಮೆರಾದ್ದೂ ಇಲ್ಲ. ಕಂದು ಎಂಬ ಬಣ್ಣದ ಸ್ವಭಾವವೇ ವಿಚಿತ್ರ. ಕಾಮನಬಿಲ್ಲಿನಲ್ಲಿ ಕಂದು ಇಲ್ಲ. ಸುತ್ತಲಿನ ಬೆಳಕಿಗಿಂತ ಮಬ್ಬಾಗಿ ಕಂಡ ಕಿತ್ತಳೆಯನ್ನೇ ನಮ್ಮ ಕಣ್ಣು ಕಂದು ಎಂದು ಓದಿಕೊಳ್ಳುತ್ತದೆ. ಪಕ್ಕದಲ್ಲಿ ಬೆಳ್ಳಗಿನದೊಂದು ಇದ್ದರೆ ಅದು ಕಂದು. ಸುತ್ತ ಕತ್ತಲೆಯೇ ಇದ್ದರೆ ಕಿತ್ತಳೆಯ ಕಡೆ ಜಾರುತ್ತದೆ. ಒಂದೇ ಅಚ್ಚಿನ ಬೆಲ್ಲವನ್ನು ಎರಡು ತುಂಡು ಮಾಡಿ, ಒಂದನ್ನು ಕರಿ ಕಂಬಳಿಯ ಮೇಲೂ ಇನ್ನೊಂದನ್ನು ಬಿಳಿ ಧೋತರದ ಮೇಲೂ ಇಟ್ಟು ನೋಡಿದರೆ ಸಾಕು, ಎರಡು ಊರಿನ ಬೆಲ್ಲ ಅನ್ನಿಸುತ್ತದೆ. ಚಪ್ಪಲಿ, ತಂಬಾಕು, ಬೆಲ್ಲ: ನಮ್ಮ ಈ ತಾಲ್ಲೂಕುಗಳು ಮಾರುವ ಮಾಲಿನಲ್ಲಿ ಬಹುಪಾಲು ಈ ಕಂದು ಕುಲದ್ದೇ. ಹಾಗಾಗಿ ಫೋಟೊದ ಸುತ್ತಲಿನ ಬಣ್ಣ ಬೇರೆಯವರಿಗಿಂತ ನಮ್ಮವರಿಗೆ ಹೆಚ್ಚು ಮುಖ್ಯ.

ಈ ಮಾತು ಹೊಸದೂ ಅಲ್ಲ. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಉಸ್ತುವಾರಿ ನೋಡುತ್ತಿದ್ದ ರಸಾಯನ ವಿಜ್ಞಾನಿ ಷೆವ್ರಲ್ ಅವರ ಮುಂದೆ ಒಂದು ದೂರು ಬಂತು: ಕಪ್ಪು ದಾರಕ್ಕೆ ಕಸುವಿಲ್ಲ. ಅವರು ಪರೀಕ್ಷಿಸಿದರು. ಬಣ್ಣ ಸರಿಯಾಗಿಯೇ ಇತ್ತು, ಪಕ್ಕದಲ್ಲಿ ನೇಯ್ದ ನೀಲಿ, ನೇರಳೆಗಳು ಅದರ ಕಳೆ ತೆಗೆಯುತ್ತಿದ್ದವು. 1839ರಲ್ಲಿ ಅದನ್ನೇ ದೊಡ್ಡ ಪುಸ್ತಕವಾಗಿ ಬರೆದರು. 1967ರಲ್ಲಿ ಕೊಡಾಕ್ ಕಂಪನಿಯ ಬಾರ್ಟಲ್ಸನ್ ಮತ್ತು ಬ್ರೆನಮನ್ ಫೋಟೊಗಳ ಮೇಲೆಯೇ ಪ್ರಯೋಗ ಮಾಡಿ, ಸುತ್ತಲೂ ಕತ್ತಲಿದ್ದರೆ ಚಿತ್ರದ ಕಪ್ಪು ಭಾಗಗಳು ಬೆಳ್ಳಗಾದಂತೆ ಕಂಡು ಕಾಂಟ್ರಾಸ್ಟ್ ತಗ್ಗುತ್ತದೆ, ಸುತ್ತ ಬೆಳಕಿದ್ದರೆ ಏರುತ್ತದೆ ಎಂದು ತೋರಿಸಿದರು. ಕತ್ತಲೆ ಟಾಕೀಸಿನಲ್ಲಿ ತೋರಿಸುವ ಫಿಲ್ಮ್ ರೀಲಿಗೆ ಕಾಗದದ ಫೋಟೊಗಿಂತ ಹೆಚ್ಚು ಕಾಂಟ್ರಾಸ್ಟ್ ಕೊಡುತ್ತಿದ್ದುದು ಇದಕ್ಕೇ.

ಹಾಗಿದ್ದರೆ ಎಲ್ಲ ಆ್ಯಪ್‌ಗಳೂ ಕಪ್ಪಾದದ್ದೇಕೆ? ಬಹಳ ಮಟ್ಟಿಗೆ ಶೋಕಿ. 2012ರ ಫೋಟೊಶಾಪ್ ಸಿಎಸ್6 ತನ್ನ ಹಳೆಯ ತಿಳಿಬೂದು ಅಂಗಿ ಕಳಚಿ ಗಾಢ ಬೂದಿಗೆ ಬಂತು, ಬೇಡವಾದವರಿಗೆ ನಾಲ್ಕು ಛಾಯೆಗಳ ಆಯ್ಕೆಯನ್ನೂ ಕೊಟ್ಟಿತು. 2019ರಲ್ಲಿ ಆಂಡ್ರಾಯ್ಡ್ 10 ಮತ್ತು ಐಒಎಸ್ 13 ಡಾರ್ಕ್ ಮೋಡ್ ತಂದವು. ಒಎಲ್‌ಇಡಿ ಪರದೆಯಲ್ಲಿ ಕಪ್ಪು ಬ್ಯಾಟರಿ ಉಳಿಸುತ್ತದೆ, ರಾತ್ರಿ ಕಣ್ಣಿಗೂ ಹಿತ, ಒಪ್ಪೋಣ. ಬ್ಯಾಟರಿ ಉಳಿಯಿತೆಂದು ಚಪ್ಪಲಿಯ ಬಣ್ಣ ಉಳಿಯುವುದಿಲ್ಲವಲ್ಲ!

ಫೋಟೊ ಕೊನೆಗೆ ಎಲ್ಲಿ ಹೋಗಿ ಕೂರುತ್ತದೋ ಆ ಹಿನ್ನೆಲೆಯ ಮೇಲೇ ಅದನ್ನು ತಿದ್ದಬೇಕು ಎಂಬುದು ನನ್ನ ಪಕ್ಷ. ಅಮೆಜಾನ್‌ನಲ್ಲಿ ಸರಕಿನ ಮುಖ್ಯ ಚಿತ್ರದ ಹಿನ್ನೆಲೆ ಅಪ್ಪಟ ಬಿಳಿ ಇರಲೇಬೇಕು, ಕೆಂಪು, ಹಸಿರು, ನೀಲಿ ಮೂರೂ ಬಣ್ಣದ ಅಂಕಿ 255. ಮದುವೆ ಆಲ್ಬಂ, ಕರಪತ್ರ, ಕ್ಯಾಟಲಾಗಿಗೂ ಬಿಳಿ ಕಾಗದವೇ. ಇವಕ್ಕೆಲ್ಲ ಬಿಳಿ ಹಿನ್ನೆಲೆ ಸರಿ. ಸ್ಟೇಟಸ್‌ಗೆ, ರೀಲ್ಸ್‌ಗೆ ಹಾಕುವುದಾದರೆ ಕಪ್ಪು ನಡೆಯುತ್ತದೆ. ಬಣ್ಣವನ್ನೇ ಅಳೆದು ನೋಡಬೇಕೆಂದಾಗ ಮಾತ್ರ ಬೂದು. ಎತ್ತಲೂ ವಾಲದ ನಡು ಬೂದು ಎಂದರೆ ಬಿದ್ದ ಬೆಳಕಿನಲ್ಲಿ ಶೇ 18ರಷ್ಟನ್ನು ಹಿಂದಿರುಗಿಸುವ ಬಣ್ಣ. ಪರದೆಯ ಲೆಕ್ಕದಲ್ಲಿ ಮೂರೂ ಅಂಕಿ ಸುಮಾರು 119. ಮುದ್ರಣದವರ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 3664 ಕೂಡ ಚಿತ್ರದ ಸುತ್ತ ಹೊಳಪಿಲ್ಲದ ತಟಸ್ಥ ಬಣ್ಣವೇ ಇರಬೇಕೆನ್ನುತ್ತದೆ.

ತೊಡಕೆಂದರೆ, ಕಂಪ್ಯೂಟರಿನಲ್ಲಿ ಫೋಟೊ ತಿದ್ದುವ ಲೈಟ್‌ರೂಮ್‌ನಲ್ಲಿ ಮೌಸಿನ ಬಲಗುಂಡಿ ಒತ್ತಿದರೆ ಹಿನ್ನೆಲೆಗೆ ಬಿಳಿಯಿಂದ ಕಪ್ಪಿನವರೆಗೆ ಸಾಲು ಆಯ್ಕೆ. ಮೊಬೈಲ್‌ನಲ್ಲಿ ಅಷ್ಟು ಔದಾರ್ಯ ಕಾಣುವುದಿಲ್ಲ. ಸ್ನ್ಯಾಪ್‌ಸೀಡ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಡಾರ್ಕ್ ಥೀಮ್ ಗುಂಡಿ ಸಿಕ್ಕರೆ ಅದನ್ನು ಬಂದ್ ಮಾಡಿ. ಆಯ್ಕೆಯೇ ಇಲ್ಲದ ಆ್ಯಪ್ ಆದರೆ ಉಪಾಯ ಬೇರೆ: ಫೋಟೊದ ಸುತ್ತ ಅಗಲವಾದ ಬಿಳಿ ಅಂಚು ಕಟ್ಟಿ. ಸ್ನ್ಯಾಪ್‌ಸೀಡ್‌ನ ಎಕ್ಸ್‌ಪ್ಯಾಂಡ್ ಸಾಧನದಲ್ಲಿ ಬಿಳಿ ಆರಿಸಿಕೊಂಡರೆ ಅಂಚು ಬರುತ್ತದೆ. ಬೆಳಕು, ಬಣ್ಣ ಎಲ್ಲ ಹೊಂದಿಸಿ, ಕೊನೆಗೆ ಅಂಚನ್ನು ಕ್ರಾಪ್ ಮಾಡಿ ತೆಗೆದುಬಿಡಿ. ತಿದ್ದುವಾಗ ಹೊಳಪಿನ ಗೆರೆ ಎಳೆದರೆ ಬಿಳಿ ಅಂಚೂ ಬೂದಾಗಬಹುದು, ಆಗ ಅಂಚನ್ನು ಮತ್ತೊಮ್ಮೆ ಹೊಸದಾಗಿ ಕಟ್ಟಿಕೊಳ್ಳಬೇಕು.

ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯ ಫೋಟೊ ತಿದ್ದುವವರ ಪಾಡೇ ಬೇರೆ. ಭಂಡಾರವೆಂಬ ಅರಿಶಿನ ಪುಡಿ ತೂರಿ ನೆಲ, ಮುಖ, ಪಟಕ ಎಲ್ಲ ಹಳದಿ. ಇಲ್ಲಿ ಹಿನ್ನೆಲೆ ಚಿತ್ರದ ಒಳಗೇ ಇದೆ! ಕ್ಯಾಮೆರಾ ಆ ಹಳದಿಯನ್ನು ದೋಷವೆಂದು ತಿಳಿದು ನೀಲಿ ಬೆರೆಸಿ ‘ಸರಿಪಡಿಸುತ್ತದೆ’. ನಮ್ಮ ಕಣ್ಣೂ ಹಳದಿಗೆ ಒಗ್ಗಿ, ಪಕ್ಕದ ಬೂದು ಕಂಬಳಿಯನ್ನು ನೀಲಿಯೆಂದು ಕಾಣುತ್ತದೆ. ಇಂಥ ಫೋಟೊಗೆ ಬೂದು ಹಿನ್ನೆಲೆಯೇ ಗತಿ. ಒಂದು ಫೋಟೊ ಮುಗಿದ ಮೇಲೆ ತುಸು ಹೊತ್ತು ಬೇರೆ ಕಡೆ ನೋಡಿ ಮುಂದಿನದಕ್ಕೆ ಕೈಹಾಕುವುದು ಒಳ್ಳೆಯದು. ಭಂಡಾರದ ಹಳದಿಯನ್ನು ತೊಳೆದು ಬೆಳ್ಳಗೆ ಮಾಡಿದ ಜಾತ್ರೆಯ ಫೋಟೊ ಯಾರಿಗೆ ಬೇಕು?

ಹಿನ್ನೆಲೆ ಸರಿಮಾಡಿಕೊಂಡವರು ಉಳಿದ ತಂಟೆಗಳನ್ನೂ ಮುಗಿಸಿಬಿಡಿ. ರಾತ್ರಿ ಹೊತ್ತು ಪರದೆಗೆ ಹಳದಿ ಬಳಿಯುವ ನೈಟ್ ಲೈಟ್, ಐಫೋನ್‌ನ ಟ್ರೂ ಟೋನ್, ತಾನೇ ಏರಿಳಿಯುವ ಬ್ರೈಟ್‌ನೆಸ್ ಇವು ಮೂರೂ ಎಡಿಟ್ ಮುಗಿಯುವ ತನಕ ಬಂದ್ ಇರಲಿ. ಸ್ಯಾಮ್‌ಸಂಗ್ ಫೋನುಗಳಲ್ಲಿ ಪರದೆ ವಿವಿಡ್ ಇದ್ದರೆ ನ್ಯಾಚುರಲ್ ಮಾಡಿ. ಹಸಿರು ನೆರಳುಬಲೆಯ ಶೆಡ್ಡಿನೊಳಗೆ ನಿಂತು ಒಣದ್ರಾಕ್ಷಿಯ ಫೋಟೊ ತೆಗೆಯಬೇಡಿ. ಬಲೆಯ ಹಸಿರೆಲ್ಲ ಮಾಲಿಗೆ ಹತ್ತಿ, ನೋಡಿದ ವ್ಯಾಪಾರಿ ಆಮೇಲೆ ಮೋಸ ಅಂದಾನು.

ಆ್ಯಪ್ ಕಟ್ಟುವವರಲ್ಲಿ ಒಂದು ಬೇಡಿಕೆ. ಸ್ಟಿಕರು, ಫಿಲ್ಟರು, ಮುಖ ಬೆಳ್ಳಗೆ ಮಾಡುವ ಗುಂಡಿಗಳು ಬೇಕಾದಷ್ಟಾದವು. ಹಿನ್ನೆಲೆಗೆ ಕಪ್ಪು, ಬೂದು, ಬಿಳಿ ಎಂಬ ಮೂರು ಗುಂಡಿಗಳನ್ನು ಎಡಿಟ್ ಪರದೆಯ ಮೂಲೆಯಲ್ಲೇ ಇಟ್ಟುಕೊಡಿ. ಅಲ್ಲಿಯವರೆಗೆ ಅಥಣಿ, ನಿಪ್ಪಾಣಿಯ ಅಂಗಡಿಯವರು ಹೊಸ ಚಪ್ಪಲಿಯ ಫೋಟೊ ಏರಿಸುವ ಮೊದಲು ಬಿಳಿ ಅಂಚು ಕಟ್ಟಿಕೊಂಡು, ಚಪ್ಪಲಿಯನ್ನೇ ಪಕ್ಕದಲ್ಲಿಟ್ಟು, ಹಗಲು ಬೆಳಕಿನಲ್ಲಿ ಒಮ್ಮೆ ಹೋಲಿಸಿ ನೋಡಿ.