ಬಣ್ಣದ ಕೆಳಗಿನ ತುಕ್ಕು

ಮೆಕ್ಯಾನಿಕಲ್ ಬಿಇ ಮುಗಿದು ಎಂಟು ತಿಂಗಳಾಗಿತ್ತು. ಹಗಲು ಇಂಟರ್‌ವ್ಯೂಗಳ ಅಲೆದಾಟ, ಸಂಜೆ ಬೆಂಗಳೂರಿನ ಟೆರೇಸ್ ಕೆಫೆಯೊಂದರಲ್ಲಿ ಪಾರ್ಟ್‌ಟೈಮ್ ಕೆಲಸ. ಅಲ್ಲಿದ್ದ ಕೆಂಪು ಸ್ಟೀಲ್ ಕುರ್ಚಿಗಳನ್ನು ನೀವೂ ನೋಡಿರುತ್ತೀರಿ. ಎಷ್ಟೋ ಕೆಫೆಗಳ ಸೆಲ್ಫಿಗಳಲ್ಲಿ ಅವೇ ಇರುತ್ತವೆ. ಮಳೆ ಬಂದರೆ ಅವನ್ನು ಒಂದರ ಮೇಲೊಂದು ಪೇರಿಸುವುದು ನನ್ನ ಡ್ಯೂಟಿ.

ಒಂದೇ ಮಳೆಗಾಲಕ್ಕೆ ವೆಲ್ಡಿಂಗ್ ಮಾಡಿದ ಕಡೆಯೆಲ್ಲ ಬಣ್ಣ ಉಬ್ಬಿತು. ಗ್ರಾಹಕರೊಬ್ಬರ ಬಿಳಿ ಅಂಗಿಗೆ ತುಕ್ಕಿನ ಕಲೆಯೂ ಆಯಿತು. ‘ನೀನು ಮೆಕ್ಯಾನಿಕಲ್ ಅಲ್ವೇನಪ್ಪಾ, ಏನಾದ್ರೂ ಮಾಡು’ ಎಂದರು ಮಾಲೀಕರು.

ಆ ರಾತ್ರಿ ಕುರ್ಚಿಯ ಜಾತಕ ಹುಡುಕಿದೆ. ಅದರ ಮೂಲ ಫ್ರಾನ್ಸಿನ ಟೋಲಿಕ್ಸ್ ‘ಎ’ ಕುರ್ಚಿ. ತಗಡಿನ ಕೆಲಸದಲ್ಲಿ ಪಳಗಿದ್ದ ಕ್ಸಾವಿಯೇ ಪೊಶಾರ್ 1934ರಲ್ಲಿ ರೂಪಿಸಿದ್ದು. ಉಕ್ಕಿನ ತಗಡನ್ನು ಕರಗಿದ ಸತುವಿನಲ್ಲಿ, ಅಂದರೆ ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಅದ್ದಿ ತೆಗೆಯುವ ಗ್ಯಾಲ್ವನೈಸಿಂಗ್ ಆತನ ಕಸುಬು. ಗೀರು ಬಿದ್ದರೂ ಸತು ತಾನು ಸವೆದು ಉಕ್ಕನ್ನು ಕಾಯುತ್ತದೆ. ಸೀಟಿನ ತೂತುಗಳೂ ಚೆಂದಕ್ಕಲ್ಲ, ಮಳೆನೀರು ಇಳಿದುಹೋಗಲು.

ನಮ್ಮ ಕೆಫೆಯವು ಅದರ ನಕಲು. ಆಕಾರ ಬಂದಿತ್ತು, ಸತು ಬಂದಿರಲಿಲ್ಲ.

ಓದುತ್ತಾ ನಾಚಿಕೆಯಾಯಿತು. ಹಿಂದಿನ ವಾರವಷ್ಟೇ ಇಂಟರ್‌ವ್ಯೂನಲ್ಲಿ ಗ್ಯಾಲ್ವನೈಸಿಂಗ್ ಬಗ್ಗೆ ಕೇಳಿದ್ದರು. ಬಾಯಿಪಾಠ ಒಪ್ಪಿಸಿದ್ದೆ. ‘ಬಣ್ಣ ಹೊಡೆದರೆ ಸಾಲದೇ?’ ಎಂದಾಗ ಮಾತು ಹೊರಡಲಿಲ್ಲ. ನನ್ನ ರೆಸ್ಯೂಮೆಯೂ ಸೀನಿಯರ್ ಒಬ್ಬರದ್ದರ ನಕಲೇ. ಹೆಸರು ಮಾತ್ರ ನನ್ನದು.

ತುಮಕೂರಿನಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿರುವ ಅಪ್ಪನಿಗೆ ಫೋನ್ ಮಾಡಿದೆ. ‘ತುಕ್ಕಿನ ಮೇಲೆ ಪೇಂಟ್ ಹೊಡೆದ್ರೆ ಒಳಗೊಳಗೇ ತಿನ್ನುತ್ತೆ ಮಗಾ. ಮೊದಲು ಪೂರ್ತಿ ಕೆರಿ’ ಎಂದರು. ಆ ಅಂಗಡಿಯಲ್ಲಿ ಅಷ್ಟು ವರ್ಷ ಕೂತು ಪರೀಕ್ಷೆಗೆ ಓದಿದವನು ಅವರನ್ನು ಕೆಲಸದ ಬಗ್ಗೆ ಕೇಳಿದ್ದು ಅದೇ ಮೊದಲು. ಅವರು ಹೇಳಿದಂತೆ ಸ್ಯಾಂಡ್ ಪೇಪರ್‌ನಿಂದ ಲೋಹ ಹೊಳೆಯುವ ತನಕ ಉಜ್ಜಿದೆ. ರೆಡ್ ಆಕ್ಸೈಡ್ ಪ್ರೈಮರ್ ಒಣಗಿದ ಮೇಲೆ ಎರಡು ಕೋಟ್ ಎನಾಮಲ್ ಹೊಡೆದೆ. ಪೇಂಟ್ ಮೆತ್ತಿ ಮುಚ್ಚಿಹೋಗಿದ್ದ ಸೀಟಿನ ತೂತುಗಳನ್ನು ಬಿಡಿಸಿದೆ, ಕಾಲುಗಳಿಗೆ ಹೊಸ ರಬ್ಬರ್ ಬುಷ್ ಹಾಕಿದೆ. 24 ಕುರ್ಚಿ, ನಾಲ್ಕು ಭಾನುವಾರ. ಇದು ಸತುವಿನಷ್ಟು ಬಾಳುವುದಿಲ್ಲ, ವರ್ಷ ವರ್ಷ ನೋಡಿಕೊಳ್ಳಬೇಕು ಎಂದು ಮಾಲೀಕರಿಗೂ ಹೇಳಿದೆ.

ಆಮೇಲೆ ರೆಸ್ಯೂಮೆಯನ್ನೂ ಕೆರೆದೆ. ನಾನು ಮಾಡದ್ದನ್ನೆಲ್ಲ ತೆಗೆದಾಗ ಎರಡು ಪುಟ ಅರ್ಧ ಪುಟಕ್ಕೆ ಇಳಿಯಿತು. ಒಂದು ಸಾಲು ಸೇರಿಸಿದೆ: ‘24 ಹೊರಾಂಗಣ ಕುರ್ಚಿಗಳ ತುಕ್ಕು ತೆಗೆದು ದುರಸ್ತಿ ಮಾಡಿದ ಅನುಭವ.’

ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಮೊನ್ನೆಯ ಇಂಟರ್‌ವ್ಯೂನಲ್ಲಿ ಇಪ್ಪತ್ತು ನಿಮಿಷ ಆ ಒಂದು ಸಾಲಿನ ಬಗ್ಗೆಯೇ ಕೇಳಿದರು. ಒಂದು ಪ್ರಶ್ನೆಗೂ ನಾನು ತಡವರಿಸಲಿಲ್ಲ.