ಹಗೇವಿಗೆ ಇಳಿದವರು ಯಾಕೆ ಮೇಲೆ ಬರೋಲ್ಲ? ಜೀವಕೋಶದ ಉಸಿರಿನ ಲೆಕ್ಕ

ಇವತ್ತಿನ ಸಂಚಿಕೆಯನ್ನ ಒಂದು ಹಳೇ ಪದದಿಂದ ಶುರು ಮಾಡ್ತೀನಿ: ಹಗೇವು. ಉತ್ತರ ಕರ್ನಾಟಕದವರಿಗೆ ಗೊತ್ತಿರುತ್ತೆ. ನೆಲದೊಳಗೆ ಆಳವಾಗಿ ತೋಡಿದ ಗುಂಡಿ, ಅದರ ತುಂಬ ಜೋಳ, ಬಾಯಿಗೆ ಕಲ್ಲು, ಮೇಲೆ ಮಣ್ಣು. ಹಾಗೆ ಮುಚ್ಚಿಟ್ಟರೆ ಜೋಳಕ್ಕೆ ಹುಳ ಹಿಡಿಯೋದು ಕಡಿಮೆ. ಆದರೆ ತೆಗೆದ ಕೂಡಲೇ ಒಳಗೆ ಇಳಿದರೆ ಮನುಷ್ಯನ ಜೀವಕ್ಕೇ ಅಪಾಯ. ಎರಡಕ್ಕೂ ಕಾರಣ ಒಂದೇ.

ಜೋಳದ ಕಾಳಿಗೂ ಜೀವ ಇದೆ, ಅದೂ ಉಸಿರಾಡುತ್ತೆ. ಕಾಳು, ಹುಳ, ಬೂಷ್ಟು ಎಲ್ಲ ಸೇರಿ ಗುಂಡಿಯೊಳಗಿನ ಆಮ್ಲಜನಕವನ್ನ ಬಳಸ್ಕೊಂಡು ಇಂಗಾಲದ ಡೈಆಕ್ಸೈಡ್ ಬಿಡ್ತವೆ. ಆಮ್ಲಜನಕ ಕಡಿಮೆ ಆದಾಗ ಹುಳಗಳು ಸಾಯ್ತವೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಹಾಗಾಗಿ ಮುಚ್ಚಳ ತೆಗೆದರೂ ಅದು ತಳದಲ್ಲೇ ಕೂತಿರುತ್ತೆ. ಕಣ್ಣಿಗೆ ಕಾಣಲ್ಲ.

ಈಗ ನಮ್ಮ ಜೀವಕೋಶದ ಒಳಗೆ ಹೋಗೋಣ. ತಿಂದ ಅನ್ನ, ರೊಟ್ಟಿ ಗ್ಲೂಕೋಸ್ ಆಗಿ ಅಲ್ಲಿಗೆ ಬರುತ್ತೆ. ಮೊದಲ ಹಂತದಲ್ಲಿ ಗ್ಲೂಕೋಸ್ ಎರಡು ತುಂಡಾಗಿ ಪೈರುವೇಟ್ ಆಗುತ್ತೆ. ಇದಕ್ಕೆ ಆಮ್ಲಜನಕ ಬೇಕಿಲ್ಲ. ಸಿಗೋ ಲಾಭ 2 ಎಟಿಪಿ. ಎಟಿಪಿ ಅಂದರೆ ಜೀವಕೋಶದ ಚಿಲ್ಲರೆ ಕಾಸು, ಪ್ರತಿ ಕೆಲಸಕ್ಕೂ ಇದನ್ನೇ ಖರ್ಚು ಮಾಡಬೇಕು.

ಆಮ್ಲಜನಕ ಇದ್ದರೆ ಪೈರುವೇಟ್ ಮೈಟೊಕಾಂಡ್ರಿಯಾದೊಳಗೆ ಹೋಗಿ ಪೂರ್ತಿ ಒಡೆಯುತ್ತೆ. ಕೊನೆಗೆ ಉಳಿಯೋದು ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಒಂದು ಗ್ಲೂಕೋಸ್‌ನಿಂದ ಒಟ್ಟು ಸುಮಾರು 30ರಿಂದ 32 ಎಟಿಪಿ. ಇದೇ ಆಮ್ಲಜನಕ ಸಹಿತ ಉಸಿರಾಟ.

ಆಮ್ಲಜನಕ ಇಲ್ಲದಿದ್ದರೆ? ಆ 2 ಎಟಿಪಿಗೇ ಕೆಲಸ ನಿಂತುಬಿಡುತ್ತೆ. ಯೀಸ್ಟ್ ಪೈರುವೇಟನ್ನ ಆಲ್ಕೋಹಾಲ್ ಮಾಡುತ್ತೆ, ನಮ್ಮ ಸ್ನಾಯು ಲ್ಯಾಕ್ಟಿಕ್ ಆಮ್ಲ ಮಾಡುತ್ತೆ. ಬಸ್ ಹಿಡಿಯೋಕೆ ಜೋರಾಗಿ ಓಡಿದಾಗ ಕಾಲಿನ ಸ್ನಾಯು ಸ್ವಲ್ಪ ಹೊತ್ತು ಈ ದಾರೀಲೂ ಸುಧಾರಿಸ್ಕೊಳ್ಳುತ್ತೆ. ಅಂದಹಾಗೆ, ಜಿಮ್‌ಗೆ ಹೋದ ಮಾರನೇ ದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣ ಅಲ್ಲ. ಅದು ಒಂದೆರಡು ಗಂಟೇಲಿ ರಕ್ತದಿಂದ ಖಾಲಿ ಆಗಿರುತ್ತೆ.

ಮೆದುಳಿಗೆ ಮಾತ್ರ ಈ ಸೌಲಭ್ಯ ಇಲ್ಲ. ದೇಹದ ತೂಕದಲ್ಲಿ ಅದರ ಪಾಲು ಬರೀ ಶೇ. 2, ಆದರೆ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. 2 ಎಟಿಪಿ ಲೆಕ್ಕದಲ್ಲಿ ಅದರ ಸಂಸಾರ ನಡೆಯಲ್ಲ. ಆಮ್ಲಜನಕ ತೀರಾ ಕಡಿಮೆ ಇರೋ ಕಡೆ ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪಬಹುದು. ತೋಳಲ್ಲಿ ಕಸುವಿದ್ದರೂ ಹಗ್ಗ ಹಿಡಿದು ಹತ್ತೋಕೆ ಆಗಲ್ಲ. ಅವರನ್ನ ಎತ್ತೋಕೆ ಅಂತ ಇಳಿದವರದ್ದೂ ಅದೇ ಗತಿ. ಹಾಳುಬಾವಿ, ಮ್ಯಾನ್‌ಹೋಲ್, ಮಲದಗುಂಡಿಗಳಲ್ಲಿ ಇದರ ಜೊತೆ ವಿಷಾನಿಲಗಳೂ ಇರಬಹುದು.

ದೀಪ ಇಳಿಸಿ ನೋಡೋದು ಹಿಂದಿನವರ ರೂಢಿ. ದೀಪ ಆರಿದರೆ ಇಳಿಯಬಾರದು ಅನ್ನೋದು ಸರಿ. ಆದರೆ ಉರಿಯುತ್ತಿದೆ ಅಂದ ಮಾತ್ರಕ್ಕೆ ಒಳಗೆ ಸುರಕ್ಷಿತ ಅಂತಲ್ಲ, ಮ್ಯಾನ್‌ಹೋಲ್‌ನಲ್ಲಂತೂ ಬೆಂಕಿ ಹಚ್ಚಲೇಬೇಡಿ, ಅನಿಲ ಹೊತ್ತಿಕೊಳ್ಳಬಹುದು.

ನಾನು ಕೇಳ್ಕೊಳ್ಳೋದು ಇಷ್ಟೇ. ಒಳಗೆ ಯಾರಾದರೂ ಬಿದ್ದಿದ್ದರೆ, ಅದು ನಿಮ್ಮ ಸ್ವಂತ ಅಣ್ಣನೇ ಆಗಿರಲಿ, ಹಿಂದೆ ಇಳಿಯಬೇಡಿ. ಬೇರೆಯವರನ್ನೂ ಇಳಿಯೋಕೆ ಬಿಡಬೇಡಿ. ಕೂಡಲೇ 112ಕ್ಕೆ ಫೋನ್ ಮಾಡಿ. ಆ ಕ್ಷಣದಲ್ಲಿ ಮೇಲೆ ನಿಂತಿರೋದೇ ದೊಡ್ಡ ಸಹಾಯ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.